ಡ್ರಮ್ಮಿಗೊಂದು ಟೊಪ್ಪಿಗೆ

ನಮ್ಮ ಬೆಟಗೇರಿಯ ಮನೆಗಳಲ್ಲಿ ಕುರ್ಚಿಗಳಿಗಿಂತ ಕೊಡಗಳು ಹೆಚ್ಚು. ಒಮ್ಮೆಲೇ ನಾಲ್ಕು ಜನ ಅತಿಥಿಗಳು ಬಂದರೆ ನಾಲ್ಕನೆಯವರಿಗೆ ಆಸನವಿಲ್ಲದೆ ಪೇಚಾಡುವ ನಾವು, ತುಂಗಭದ್ರೆ ಬಂದಳೆಂದರೆ ಮಾತ್ರ ಅವಳನ್ನು ಕೂರಿಸಲು ಬಕೆಟ್ಟು, ಬ್ಯಾರಲ್ಲು, ಹಂಡೆ, ಕೊನೆಗೆ ಹಬ್ಬದ ಪಾಯಸದ ಪಾತ್ರೆಯವರೆಗೆ ಎಲ್ಲವನ್ನೂ ಸಾಲಾಗಿ ಅಣಿಮಾಡಿ ಕಾಯುತ್ತೇವೆ. ಕೊರ್ಲಹಳ್ಳಿಯ ಕಡೆಯಿಂದ ಕೊಳವೆಯೊಳಗೆ ಹೊರಟವಳು ನಡುದಾರಿಯಲ್ಲಿ ಎಲ್ಲಿ ಸೋರುತ್ತಾಳೆ, ಯಾರ ಮೇಲೆ ಮುನಿಯುತ್ತಾಳೆ, ನಮ್ಮ ಓಣಿಗೆ ಎಂದು ದಯಮಾಡಿಸುತ್ತಾಳೆ ಎಂಬುದನ್ನು ಖಚಿತವಾಗಿ ಬಲ್ಲವರಿಲ್ಲ. ನಳ ತಿರುಗಿಸಿದ ಕೂಡಲೇ ನೀರು ಬೀಳುವ ಊರಿನಲ್ಲಿ ನೀವಿದ್ದರೆ ಈ ಮಾತು ನಿಮಗೆ ಅತಿಶಯೋಕ್ತಿ ಎನಿಸೀತು. ಇರಲಿ, ನಿಮ್ಮ ಪುಣ್ಯ ನಿಮಗೆ.

ಇಂಥ ಊರಿನಲ್ಲಿ ನಾನು ಹಿತ್ತಲ ತೋಟ ಮಾಡಲು ಹೊರಟೆ. ನಿವೃತ್ತಿಯಾದವರಿಗೆ ಯಾವುದಾದರೊಂದು ಪ್ರವೃತ್ತಿ ಬೇಕಲ್ಲ! ನನ್ನ ವಾರಿಗೆಯವರು ಭಜನಾ ಮಂಡಳಿ ಸೇರಿದರು. ಆಯುಷ್ಯವೆಲ್ಲ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನ್ನ ಕಂಠಕ್ಕೆ ಸೀಮೆಸುಣ್ಣದ ಧೂಳಿನ ಹೊರತು ಬೇರೆ ಸಂಸ್ಕಾರವಿರಲಿಲ್ಲವಾದ್ದರಿಂದ ನಾನು ಗಿಡಗಳ ಪಾಲಾದೆ. ತವರೂರು ಬೆಳ್ಳಟ್ಟಿಯಿಂದ ಮಲ್ಲಿಗೆಯ ಬಳ್ಳಿ ತಂದು ಊರಿದೆ. ಕರಿಬೇವು, ದಾಸವಾಳ, ಹೀರೆ ಸೇರಿಕೊಂಡವು. ಆದರೆ ಕುಡಿಯುವ ನೀರಿಗೇ ಕಾದು ಕುಳಿತ ಓಣಿಯಲ್ಲಿ, ಗಿಡಗಳ ಬುಡಕ್ಕೆ ನದಿಯ ನೀರು ಸುರಿಯುವ ಹೆಂಗಸಿನ ಮೇಲೆ ಎಂಥ ದೃಷ್ಟಿಗಳು ಬೀಳುತ್ತವೆಂಬುದನ್ನು ನೀವು ಊಹಿಸಬಲ್ಲಿರಿ. ಆ ದೃಷ್ಟಿಗಳ ಕಾವಿಗೆ ಗಿಡಕ್ಕಿಂತ ಮೊದಲು ನಾನೇ ಬಾಡಿದೆ. ಹಾಗಾಗಿ ಮಾಳಿಗೆಯ ಮೇಲೆ ಬಿದ್ದು ಗಟಾರು ಸೇರುವ ಮಳೆಯನ್ನು ಹಿಡಿದಿಡುವುದೆಂದು ನಿಶ್ಚಯಿಸಿದೆ. ಇದಕ್ಕೆ ಸರಕಾರಿ ಕನ್ನಡದಲ್ಲಿ ಮಳೆಕೊಯ್ಲು ಎನ್ನುತ್ತಾರೆ. ಕೊಯ್ಯುವ ಕೆಲಸಕ್ಕೆ ಕೈಹಾಕಿದ ಮೇಲೆ ಏನೆಲ್ಲ ಕೊಯ್ದು ಹೋಗುತ್ತದೆಂಬುದು ಆಗ ನನಗೆ ತಿಳಿದಿರಲಿಲ್ಲ.

ಪಕ್ಕದ ಮನೆ ಖೈರುನ್‌ಳದು. ನಾವಿಬ್ಬರೂ ಈ ಓಣಿಗೆ ಸೊಸೆಯರಾಗಿ ಬಂದದ್ದು ಒಂದೇ ವರ್ಷ. ನಡುವೆ ಸೊಂಟದೆತ್ತರದ ಒಂದು ಗೋಡೆ. ಅದರ ಮೇಲಿಂದ ಕೊತ್ತಂಬರಿ, ಹುಗ್ಗಿ, ಬಿರಿಯಾನಿ, ಸಂಸಾರದ ಗುಟ್ಟುಗಳು ಆಚೀಚೆ ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಆಕೆ ಕುಪ್ಪಸ ಹೊಲಿಯುವುದರಲ್ಲಿ ಹೆಸರಾದವಳು. ಗದಗಿನಿಂದಲೂ ಹೆಣ್ಣುಮಕ್ಕಳು ಬಟ್ಟೆ ಹಿಡಿದು ಬರುತ್ತಿದ್ದರು. ಓಣಿಗೆಲ್ಲ 'ಅಕ್ಕೋರು' ಆಗಿದ್ದ ನಾನು ಆಕೆಯೊಬ್ಬಳಿಗೆ ಮಾತ್ರ ಸರೂ.

ನಾನು ಮಾಳಿಗೆಯ ಮೇಲೆ ಪೈಪು ಹಿಡಿದು ಪೇಚಾಡುತ್ತಿದ್ದುದನ್ನು ಮೊದಲು ಕಂಡವಳೂ ಅವಳೇ.

"ಏನ್ ನಡಿಸೀದಿ ಸರೂ ಮುಂಜಾನಿಂದ? ಪೈಪು ಹಿಡಕೊಂಡು ಪುಂಗಿ ಊದೋರಗತೆ ನಿಂತೀ!"

"ಮಳಿ ಹಿಡಿಯಾಕತ್ತೀನಿ."

"ಮ್ಯಾಲೆ ಒಂದ ಮಾಡ ಇಲ್ಲ. ನೀ ಏನ್ ಬಿಸಲ ಹಿಡೀತಿ?"

ಹೀಗೆ ನಗುತ್ತಲೇ ಗೋಡೆ ದಾಟಿ ಬಂದವಳು ಸಂಜೆಯವರೆಗೆ ಹೋಗಲಿಲ್ಲ. ಹಳೇ ಸಾಮಾನಿನ ಅಂಗಡಿಯಿಂದ ನಾನು ತಂದಿದ್ದ ನೀಲಿ ಡ್ರಮ್ಮು ಪೂರ್ವಾಶ್ರಮದಲ್ಲಿ ಉಪ್ಪಿನಕಾಯಿಯದು. ಇಬ್ಬರೂ ಸೇರಿ ಎಷ್ಟು ತಿಕ್ಕಿದರೂ ಅದರ ಮಾವಿನಕಾಯಿ ವಾಸನೆ ಹೋಗಲೊಲ್ಲದು. ಪೈಪಿನ ಕೂಡುಗಳೆಲ್ಲ ಸೋರಿದವು. ಸೈಕಲ್ಲಿನ ಹಳೇ ಟ್ಯೂಬು ಕತ್ತರಿಸಿ ಸುತ್ತಿದೆವು. ತಳಕ್ಕೊಂದು ನಳ ಕೂರಿಸಲು ನಾನು ಕೊರೆದ ತೂತು ಎಷ್ಟು ದೊಡ್ಡದಾಯಿತೆಂದರೆ, ನಮ್ಮ ಮನೆಯವರು ಪತ್ರಿಕೆಯಿಂದ ತಲೆಯೆತ್ತಿ, "ನಳ ಹಚ್ಚತೀಯೋ, ಕಿಟಕಿ ಇಡತೀಯೋ?" ಎಂದು ಕೇಳಿ ಮತ್ತೆ ಪತ್ರಿಕೆಯೊಳಗೆ ಅಂತರ್ಧಾನರಾದರು.

ಕೊನೆಗೆ ಉಳಿದದ್ದು ಡ್ರಮ್ಮಿನ ಬಾಯಿ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಅದರಲ್ಲೂ ಡೆಂಗಿಯ ಸೊಳ್ಳೆಗೆ ಕೊಳಚೆಗಿಂತ ತಿಳಿನೀರೇ ಪ್ರಿಯ. ಇದನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಎಷ್ಟು ಮಕ್ಕಳಿಗೆ ಕಲಿಸಿದ್ದೇನೋ! ಖೈರುನ್‌ಳಿಗೂ ಆ ಪಾಠವಾಯಿತು. ಆಕೆ ಆಕಳಿಸಿ ಎದ್ದು ಹೋಗಿ, ನೈಲಾನ್ ಜಾಳಿಗೆಯ ಬಟ್ಟೆ ತಂದು, ಅಂಚಿಗೆ ಎಲಾಸ್ಟಿಕ್ ಕೂಡಿಸಿ, ಪೈಪು ಇಳಿಯುವಲ್ಲಿ ಒಂದು ಕೊರಳು ಬಿಟ್ಟು, ಅದಕ್ಕೆ ಕುಪ್ಪಸಕ್ಕೆ ಹಚ್ಚುವಂಥ ಕೆಂಪು ಪೈಪಿಂಗ್ ಬೇರೆ ಹಚ್ಚಿ ಒಂದು ಟೊಪ್ಪಿಗೆಯನ್ನೇ ಹೊಲಿದು ತಂದಳು. ಡ್ರಮ್ಮಿಗೆ ತೊಡಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಛಲೋ ಕಾಣತೈತಿ. ಇದಕ್ಕೂ ಒಂದು ವರಾ ನೋಡು ಈಗ," ಎಂದಳು.

ಮೊದಲ ಮಳೆ ಕಪ್ಪತಗುಡ್ಡದ ಕಡೆಯಿಂದ ಒಮ್ಮೆಲೇ ಬಂತು. ಪೈಪಿನೊಳಗೆ ನೀರು ಗುಡುಗುಡು ಎನ್ನುತ್ತ ಇಳಿದು ಡ್ರಮ್ಮು ತುಂಬಿ ಹೊರಚೆಲ್ಲುವಾಗ, ಅಜ್ಜಿಯರಾದ ಇಬ್ಬರು ಹೆಂಗಸರು ಮಳೆಯಲ್ಲಿ ನಿಂತು ಕೇಕೆ ಹಾಕಿದ್ದನ್ನು ಓಣಿಯೇ ನೋಡಿತು. ಮರುದಿನದಿಂದ ನೋಡುಗರ ಸಾಲು. ಬಂದವರಿಗೆಲ್ಲ ನಾನು ಉಪನ್ಯಾಸ ಕೊಟ್ಟೆ. ಕೇಳಲು ಬಾರದವರನ್ನು ಕರೆದು ಕೊಟ್ಟೆ. ನಿವೃತ್ತಿಯ ನಂತರ ಅಷ್ಟೊಂದು ಸುಖವನ್ನು ನಾನು ಉಂಡಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಖೈರುನ್‌ಳ ಮೊಮ್ಮಗಳು ಸನಾಳಿಗೆ ಜ್ವರ ಬಂತು. ಒಂದನೇ ತರಗತಿಯ ಹುಡುಗಿ. ಮೊದಲು ಸಾದಾ ಜ್ವರವೆಂದರು, ಆಮೇಲೆ ಡೆಂಗಿ ಎಂದರು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಂಬ, ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುತ್ತಿದ್ದ ಶಬ್ದಗಳು ಓಣಿಯ ಕಟ್ಟೆಕಟ್ಟೆಯ ಮೇಲೆ ಭಯದ ದನಿಯಲ್ಲಿ ಉಚ್ಚರಿಸಲ್ಪಟ್ಟವು. ಮಗು ಆಸ್ಪತ್ರೆ ಸೇರಿತು. ಖೈರುನ್ ಅಲ್ಲೇ ಉಳಿದಳು. ನಾನು ಬುತ್ತಿ ಕಳಿಸಿದೆ. ಡಬ್ಬಿ ತೆರೆಯದೆ ವಾಪಸು ಬಂತು. ಸಂಕಟದಲ್ಲಿ ಊಟ ಸೇರಲಿಕ್ಕಿಲ್ಲವೆಂದುಕೊಂಡೆ.

ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳು ಓಣಿಗೆ ಬಂದು ಮನೆಮನೆಯ ನೀರು ನೋಡಿದರು. ನಮ್ಮ ಡ್ರಮ್ಮಿನ ಟೊಪ್ಪಿಗೆ ತೆಗೆದು ಬ್ಯಾಟರಿ ಬೆಳಕು ಬಿಟ್ಟಾಗ, ನಾನು ಜೀವಮಾನವಿಡೀ ಹಲಗೆಯ ಮೇಲೆ ಬರೆದ ಚಿತ್ರ ಅಲ್ಲಿ ಸಜೀವವಾಗಿ ಕುಣಿಯುತ್ತಿತ್ತು. ಸೊಳ್ಳೆಯ ಹುಳುಗಳು ಎದುರುಮನೆಯ ಹಂಡೆಯಲ್ಲೂ ಇದ್ದವು, ಮೂಲೆಯ ಅಂಗಡಿಯ ಟೈರಿನಲ್ಲೂ ಇದ್ದವು, ಖೈರುನ್‌ಳ ಕೂಲರಿನ ತಳದಲ್ಲೂ ಇದ್ದವು. ಯಾವ ಸೊಳ್ಳೆ ಎಲ್ಲಿ ಹುಟ್ಟಿ ಯಾರನ್ನು ಕಚ್ಚಿತೆಂದು ಯಾವ ವಿಜ್ಞಾನವೂ ಹೇಳಲಾರದು. ಆದರೆ ಓಣಿ ಹೇಳಿತು. ಹಂಡೆ, ಟೈರು, ಕೂಲರುಗಳು ಹಳಬರು, ಡ್ರಮ್ಮು ಹೊಸದು. ಅದಕ್ಕಿಂತ ಮಿಗಿಲಾಗಿ, ಅವುಗಳ ಬಗ್ಗೆ ಯಾರೂ ಉಪನ್ಯಾಸ ಕೊಟ್ಟಿರಲಿಲ್ಲ.

ನನ್ನನ್ನು ದೂರಿದವರಿಗಿಂತ ನನ್ನ ಪಕ್ಷ ವಹಿಸಿದವರೇ ನನ್ನನ್ನು ಹೆಚ್ಚು ನೋಯಿಸಿದರು. "ಅವರದೇನ್ ಹಚ್ಕೋತೀರಿ ಬಿಡ್ರಿ ಅಕ್ಕೋರ, ಆ ಮಂದಿನ ಹಂಗ," ಎಂದು ಸಾಂತ್ವನ ಹೇಳಲು ಒಬ್ಬರು ಮನೆತನಕ ಬಂದರು.

"ಹಂಗ ಅಂದ್ರ ಹೆಂಗ್ರಿ?" ಎಂದೆ.

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಆ ದಿನದಿಂದ ನನಗೆ ಓಣಿಯ ಎರಡೂ ಬದಿ ಇಲ್ಲವಾಯಿತು.

ಮಗು ಉಳಿಯಿತು. ಮನೆಗೆ ಬಂತೆಂದು ತಿಳಿದ ಸಂಜೆ ದಾಳಿಂಬೆ ಹಿಡಿದು ಹೋದೆ. ಗೋಡೆಯ ಮೇಲಿಂದಲ್ಲ, ರಸ್ತೆಯ ಬಾಗಿಲಿನಿಂದ. ಸನಾ ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ಸೂಜಿ ಚುಚ್ಚಿದಲ್ಲೆಲ್ಲ ಕೈ ನೀಲಿಗಟ್ಟಿತ್ತು. ಖೈರುನ್ ತಲೆಯೆತ್ತಲಿಲ್ಲ.

"ಸಾಲ್ಯಾಗ ಹುಡುಗ್ರಿಗೆ ಇದನ್ನ ಕಲಿಸಿದಾಕಿ ನೀ. ನಿನಗ ಗೊತ್ತಿರಬೇಕಿತ್ತು ಸರೂ. ನನ್ನ ಕೂಸು ಹೋಗಿದ್ರ ಏನ್ ಮಾಡತಿದ್ದಿ? ಹೇಳು, ಏನ್ ಮಾಡತಿದ್ದಿ?"

ನನ್ನಲ್ಲಿ ಉತ್ತರಗಳಿದ್ದವು. ಕೂಲರಿನ ಉತ್ತರವೂ ಇತ್ತು. ಅವನ್ನು ನುಂಗಿಕೊಂಡು, ದಾಳಿಂಬೆಯನ್ನು ಆ ನೀಲಿ ಕೈಯ ಪಕ್ಕದಲ್ಲಿಟ್ಟೆ.

"ತಪ್ಪಾತು ಖೈರು," ಎಂದೆ.

ಆಕೆ ಮಗುವಿನ ಕೂದಲು ನೇವರಿಸಿದಳು. "ಹೋಗ ಈಗ. ಆಮ್ಯಾಗ ಬಾ," ಎಂದಳು.

ಆ 'ಬಾ' ಎಂಬ ಒಂದಕ್ಷರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಸಿಟ್ಟು ಇಳಿಯುತ್ತದೆ, ದಿನಗಳು ಕಳೆಯುತ್ತವೆ, ಗೋಡೆಯ ಮೇಲಿಂದ ಮತ್ತೆ ಕೊತ್ತಂಬರಿ ಬರುತ್ತದೆ ಎಂದು ನಂಬಿದೆ.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಪೈಪುಗಳನ್ನು ಬಿಚ್ಚುತ್ತಿದ್ದೆ. ತಪಾಸಣೆಗೆ ಬಂದವರು ತೆಗೆದಿಟ್ಟ ಟೊಪ್ಪಿಗೆ ಇನ್ನೂ ನಡುಗೋಡೆಯ ಮೇಲೆಯೇ ಬಿದ್ದಿತ್ತು. ಖೈರುನ್ ಹಿತ್ತಲಿಗೆ ಬಂದು ಅದನ್ನು ಎತ್ತಿಕೊಂಡಳು. ನಮ್ಮ ಕಡೆ ಎಸೆಯಲೆಂದೇ ಎತ್ತಿರಬೇಕು. ಆದರೆ ಹೊಲಿಯುವವರ ಕೈ; ಬಟ್ಟೆ ಸಿಕ್ಕರೆ ಹೊಲಿಗೆಯನ್ನು ಮುಟ್ಟಿ ನೋಡದೆ ಬಿಡುವುದಿಲ್ಲ. ಅಂಚು ಹಿಡಿದು ಸುತ್ತ ತಿರುಗಿಸುತ್ತ ಬಂದವಳು ಪೈಪಿನ ಕೊರಳು ಕೂಡಿಸಿದ ಜಾಗದಲ್ಲಿ ನಿಂತಳು. ಅಲ್ಲಿ ಹೊಲಿಗೆ ಬಿಟ್ಟಿತ್ತು. ಆಕೆಯ ಹೆಬ್ಬೆರಳು ಸಲೀಸಾಗಿ ಆಚೆ ಬಂತು.

ಆ ಸಂದು ನನಗೆ ಆಗಲೇ ಗೊತ್ತಿತ್ತು, ತಪಾಸಣೆಯ ದಿನವೇ ಕಂಡಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವ ಉದ್ದೇಶವೂ ಇರಲಿಲ್ಲ. ಬಿಸಿಲಿಗೆ ದಾರ ಜೀರ್ಣವಾಗುವುದಕ್ಕೆ ಹೊಲಿದವಳೇನು ಮಾಡಿಯಾಳು? ನಾನು ಮಾಳಿಗೆಯ ಮೋಟುಗೋಡೆಯ ಮರೆಗೆ ಸರಿಯಬೇಕೆನ್ನುವಷ್ಟರಲ್ಲಿ ಖೈರುನ್ ಮೇಲೆ ನೋಡಿದಳು. ನನ್ನ ಮುಖದಲ್ಲಿ ಆಶ್ಚರ್ಯವಿಲ್ಲದ್ದನ್ನು ಕಂಡಳು. ಟೊಪ್ಪಿಗೆಯನ್ನು ಮಡಿಚಿ, ಮಡಿಚಿ, ಅಂಗೈಯಷ್ಟು ಮಾಡಿ ಒಳಗೆ ಒಯ್ದಳು.

ಈಗ ಬಂದೇ ಬರುತ್ತಾಳೆಂದು ನಾನು ಬಾಗಿಲು ಹಾಕದೆ ಕುಳಿತೆ. ಎಂಥ ಮೂರ್ಖತನ! ಮಕ್ಕಳ ಉತ್ತರಪತ್ರಿಕೆ ತಿದ್ದುವುದರಲ್ಲೇ ಆಯುಷ್ಯ ಕಳೆದವಳಿಗೆ ಇಷ್ಟೂ ಹೊಳೆಯಬಾರದೇ? ನನ್ನ ತಪ್ಪನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ಖೈರುನ್‌ಳಿಗಿತ್ತು; ಇವತ್ತಲ್ಲ ನಾಳೆ ಕ್ಷಮಿಸುತ್ತಿದ್ದಳು. ಆದರೆ ತನ್ನ ತಪ್ಪನ್ನು ಕಂಡೂ ಸುಮ್ಮನಿದ್ದವರನ್ನು ಕ್ಷಮಿಸುವುದು ಬಲು ಕಷ್ಟ. ನನ್ನ ಮೌನ ನನಗೆ ಔದಾರ್ಯವಾಗಿ ಕಂಡಿತ್ತು. ಆಕೆಗೆ ಅದು ಸಾಲದ ಹೊರೆಯಾಗಿ ಕಂಡಿರಬೇಕು.

ಆಕೆ ಬರಲಿಲ್ಲ. ನಾನು ಎರಡು ಸಲ ಹೋದೆ. ಸೊಸೆ ಹೊರಬಂದು, "ಅತ್ತಿ ಮಲಗ್ಯಾರ್ರಿ," ಎಂದಳು. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ದೀಪಾವಳಿಯ ಹೊತ್ತಿಗೆ ನಡುಗೋಡೆ ಎರಡು ಸಾಲು ಇಟ್ಟಿಗೆ ಬೆಳೆಯಿತು. ಬೆಕ್ಕಿನ ಕಾಟಕ್ಕೆಂದರು. ನೀರಿಲ್ಲದೆ ಹೀರೆ ಮೊದಲು ಹೋಯಿತು, ದಾಸವಾಳ ಆಮೇಲೆ. ಬೆಳ್ಳಟ್ಟಿಯ ಮಲ್ಲಿಗೆಗೆ ಮಾತ್ರ ಪಾತ್ರೆ ತೊಳೆದ ನೀರು ಹಾಕಿ ಉಳಿಸಿಕೊಂಡಿದ್ದೇನೆ. ಅದು ಹೂ ಬಿಡುವುದನ್ನು ನಿಲ್ಲಿಸಿದೆ.

ಮೊನ್ನೆ ಸಂತೆಯಲ್ಲಿ ನನ್ನ ಮುಂದೆಯೇ ಒಬ್ಬ ಹೆಂಗಸಿನ ಚೀಲದ ಹಿಡಿಕೆ ಹರಿದು ಉಳ್ಳಾಗಡ್ಡಿಗಳು ನೆಲದ ತುಂಬ ಉರುಳಿದವು. ಬಗ್ಗಿ ಆರಿಸತೊಡಗಿದ ಮೇಲೆಯೇ ತಿಳಿದದ್ದು, ಖೈರುನ್. ಇಬ್ಬರೂ ಕುಕ್ಕರಗಾಲಿನಲ್ಲಿ ಕುಳಿತು, ಜನರ ಕಾಲುಗಳ ನಡುವೆ ಕೈಹಾಕಿ, ಒಂದೊಂದಾಗಿ ಆರಿಸಿದೆವು. ಇಬ್ಬರ ಉಸಿರೂ ಏರಿತ್ತು. ಆಕೆಯ ಕೂದಲು ಬಹಳ ಬೆಳ್ಳಗಾಗಿದೆ. ಕೊನೆಯ ಗಡ್ಡೆಯನ್ನು ಚೀಲದೊಳಗೆ ಹಾಕಿದೆ. ಬೈದಾಳೆಂದು ಕಾದೆ. ಬೈಗುಳಕ್ಕಾಗಿ ಒಬ್ಬ ಮನುಷ್ಯ ಅಷ್ಟು ಆಸೆಯಿಂದ ಕಾಯಬಹುದೆಂದು ನನಗೆ ತಿಳಿದಿರಲಿಲ್ಲ. ಜ್ವರದಿಂದೆದ್ದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಜರೆದ ದಿನವೂ ಆಕೆಯ ಬಾಯಲ್ಲಿ ನಾನು 'ನೀ' ಆಗಿಯೇ ಇದ್ದೆನಲ್ಲ!

ಖೈರುನ್ ಸೆರಗು ಸರಿಪಡಿಸಿಕೊಂಡು ಎದ್ದಳು.

"ಭಾಳ ಉಪಕಾರ ಆತ್ರಿ, ಅಕ್ಕೋರ," ಎಂದಳು.

"ಇರ್ಲಿ ಬಿಡ್ರಿ," ಎಂದೆ ನಾನೂ.