ನಾಲೆಯ ಲಾವಂಚ, ಮಡಕೆಯ ನೀರು

ಕೊರೋನಾ ಮುಗಿದ ಮೇಲಿನ ಎರಡನೆಯ ಬೇಸಿಗೆ. ಆಗ ನಾನು ಬೀದರದಲ್ಲಿ ಪರಿಸರ ಎಂಜಿನಿಯರ್ ಆಗಿದ್ದೆ, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬೀದರ, ಭಾಲ್ಕಿ, ಔರಾದ ತಾಲೂಕುಗಳ ಹಳ್ಳ, ಕೆರೆ, ಬಾವಿಗಳ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸುವುದು, ಕೆಟ್ಟಿದ್ದರೆ ಯಾಕೆ ಕೆಟ್ಟಿತು ಎಂದು ಹುಡುಕುವುದು ನನ್ನ ಕೆಲಸ. ಹುಡುಕುವುದು ಸುಲಭ. ಸರಿಪಡಿಸಿ ಎಂದರೆ ಮಾತ್ರ ಎಲ್ಲರಿಗೂ ಕಿವುಡು. ಮೂವತ್ತು ವರ್ಷ ಅದೇ ಜಗಳ ಮಾಡಿ ನನ್ನ ದನಿ ಒರಟಾಗಿದೆ ಎಂದು ಮನೆಯವರು ಹೇಳುತ್ತಾರೆ. ಆಗಿರಬಹುದು.

ಶಹರಿನ ಹೊರಗೆ ಒಂದು ನಾಲೆ ಇದೆ. ಹಾಸ್ಟೆಲುಗಳ ಬಚ್ಚಲು ನೀರು, ಎಮ್ಮೆ ಕೊಟ್ಟಿಗೆ ತೊಳೆದ ನೀರು ಎಲ್ಲ ಅದಕ್ಕೇ ಸೇರುತ್ತದೆ. ಅದರಲ್ಲಿ ಸಾರಜನಕ, ರಂಜಕ ಹೆಚ್ಚು. ಗಿಡಕ್ಕೆ ಅವು ಆಹಾರ, ಆದರೆ ನೀರಿನಲ್ಲಿ ಹೆಚ್ಚಾದರೆ ಪಾಚಿ ಕಟ್ಟಿ ನೀರು ಕೊಳೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಸೀಸ. ಹಿಂದೆ ಆ ದಂಡೆಯ ಮೇಲೆ ಹಳೆ ಬ್ಯಾಟರಿ ಒಡೆಯುವ ಶೆಡ್ಡುಗಳಿದ್ದವು. ಅವನ್ನು ಮುಚ್ಚಿಸಿದ್ದಾಯಿತು, ಸೀಸ ಮಾತ್ರ ಕೆಸರಿನಲ್ಲೇ ಕುಳಿತಿತ್ತು.

ಆ ಬೇಸಿಗೆಗೆ ಸುಮಾರು ಎರಡು ವರ್ಷ ಮೊದಲು, ಶುದ್ಧೀಕರಣ ಘಟಕಕ್ಕೆ ದುಡ್ಡಿಲ್ಲ ಎಂದು ನಗರಸಭೆಯವರು ಅಂದರು. ಹಾಗಾದರೆ ಹುಲ್ಲು ನೆಡೋಣ ಎಂದೆ. ನಕ್ಕರು. ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ ಲಾವಂಚ ಹಚ್ಚಿಸಿದೆ. ಅದರ ಬೇರು ಆಳಕ್ಕೆ ನೆಟ್ಟಗೆ ಇಳಿಯುತ್ತದೆ. ಸಾರಜನಕ, ರಂಜಕಗಳನ್ನು ಎಲೆಗೆ ಏರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಬೇರಿನಲ್ಲೇ ಹಿಡಿದಿಡುತ್ತದೆ. ಎಲೆಯನ್ನು ಆಗಾಗ ಕೊಯ್ದು ತೆಗೆಯಬೇಕು. ಎರಡು ವರ್ಷದ ಮೇಲೆ ಬೇರನ್ನೂ ನಾವೇ ಅಗೆದು, ಅಪಾಯಕಾರಿ ತ್ಯಾಜ್ಯ ಹೂಳುವ ಜಾಗಕ್ಕೆ ಸಾಗಿಸುವುದೆಂದು ಯೋಜನೆ. ನೀರು ಕುಡಿಯಬಾರದು, ದನ ಮೇಯಿಸಬಾರದು ಎಂದು ದಂಡೆಗೆ ಫಲಕ ನಿಲ್ಲಿಸಿದೆವು. ಎರಡನೆಯ ವರ್ಷಕ್ಕೆ ನಾಲೆಯ ದುರ್ನಾತ ಹೋಗಿ ಬೆಳ್ಳಕ್ಕಿ ಬಂದವು. ನಕ್ಕವರೇ ಬಂದು ಫೋಟೊ ತೆಗೆಸಿಕೊಂಡರು.

ಬೇರು ಅಗೆಯುವ ದಿನ ಇನ್ನೂ ಬಂದಿರಲಿಲ್ಲ. ನಾನು ಔರಾದ ತಾಲೂಕಿನ ಡಾಬಕಾದಲ್ಲಿ ಬಾವಿ ನೀರಿನ ಮಾದರಿ ತುಂಬುತ್ತಿದ್ದಾಗ, ರಸ್ತೆ ಅಗಲ ಮಾಡುವ ಗುತ್ತಿಗೆದಾರನೊಬ್ಬ ಯಾರನ್ನೂ ಕೇಳದೆ ಜೆಸಿಬಿ ಇಳಿಸಿ ಇಡೀ ಲಾವಂಚವನ್ನು ಕಿತ್ತು ದಂಡೆಗೆ ಹಾಕಿದ್ದ. ನಾನು ಮರಳಿ ಬರುವಷ್ಟರಲ್ಲಿ ದಂಡೆಯೂ ಖಾಲಿ.

"ಹುಲ್ಲೇ ಅಲ್ಲೇನ್ರಿ ಮೇಡಂ? ಮಂದಿ ಒಯ್ದರು," ಅಂದ ಅವನು.

ಬಾಯಿಗೆ ಬಂದದ್ದು ಬೈದೆ. ದನಕ್ಕೆ ಹಾಕಿರುತ್ತಾರೆ ಎಂಬ ಹೆದರಿಕೆಯಲ್ಲಿ ಆ ಕಡೆಯ ಎಮ್ಮೆ ಕೊಟ್ಟಿಗೆಗಳನ್ನೆಲ್ಲ ಸುತ್ತಿದೆ. ಒಂದು ಎಳೆಯೂ ಸಿಗಲಿಲ್ಲ. ಅಷ್ಟೊಂದು ಹುಲ್ಲು ಎಲ್ಲಿ ಮಾಯವಾಯಿತು ಎಂದು ತಲೆ ಕೆಟ್ಟುಹೋಯಿತು.

ಅದು ತಿಳಿದದ್ದು ಭಾಲ್ಕಿಯಲ್ಲಿ. ಅಲ್ಲಿನ ಒಂದು ತೊಗರಿಬೇಳೆ ಮಿಲ್ಲಿಗೆ ತಪಾಸಣೆಗೆ ಹೋಗಿದ್ದೆ. ಬಿಸಿಲು ಸುಡುತ್ತಿತ್ತು. ಮಾಲೀಕರು ಮಡಕೆಯಿಂದ ನೀರು ತುಂಬಿ ಕೊಟ್ಟರು.

"ಕುಡೀರಿ ಮೇಡಂ, ಖಸ್ ಹಾಕೀವಿ. ಈ ಸಲ ನಮ್ಮ ಬೀದರದಾಗೇ ಬೆಳದದ್ದ ಅಂತರಿ. ಖಲೀಲ ಚಾಚಾನ ಅಂಗಡಿದು."

ಲೋಟ ತುಟಿಯ ಹತ್ತಿರ ಹೋಗಿತ್ತು. ಲಾವಂಚದ ಬೇರಿಗೇ ನಮ್ಮ ಕಡೆ ಖಸ್ ಎನ್ನುತ್ತಾರೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹಾಕುತ್ತಾರೆ, ಶರಬತ್ತಿಗೆ ಹಾಕುತ್ತಾರೆ. ಅಂಗಡಿಗೆ ಬರುವ ಮಾಲೆಲ್ಲ ಹೈದರಾಬಾದಿನದು. ಬೀದರದಲ್ಲಿ ಲಾವಂಚ ಬೆಳೆದವಳು ನಾನೊಬ್ಬಳೇ. ಹುಲ್ಲನ್ನು ಹುಡುಕುತ್ತ ಎಮ್ಮೆಗಳ ಬಾಯಿ ನೋಡುತ್ತಿದ್ದೆ, ಅದು ಮನುಷ್ಯರ ಮಡಕೆಯಲ್ಲಿತ್ತು. ಮಾಲೀಕರಿಗೆ ಮಡಕೆ ಖಾಲಿ ಮಾಡಲು ಹೇಳಿ, ಆ ನೀರನ್ನೂ ಬೇರನ್ನೂ ಪರೀಕ್ಷೆಗೆ ತುಂಬಿಕೊಂಡು ನೇರ ಬೀದರಕ್ಕೆ ಬಂದೆ.

ಖಲೀಲ ಚಾಚಾ ಎಪ್ಪತ್ತರ ಹಿರಿಯರು. ಹಳೆ ಶಹರಿನಲ್ಲಿ ಮುಂದೆ ಅತ್ತರಿನ ಅಂಗಡಿ, ಹಿಂದೆ ಮನೆ, ನಾಲ್ಕು ತಲೆಮಾರಿನ ವ್ಯಾಪಾರ. ನಾಲೆಯ ದಂಡೆಯಿಂದ ಹೆಂಗಸರು ಹೊತ್ತು ತಂದ ಬೇರನ್ನೆಲ್ಲ ಅವರೇ ಕೊಂಡಿದ್ದರು. ರಂಜಾನ್ ಹತ್ತಿರ ಬಂದಿತ್ತು, ಶರಬತ್ತಿಗೆ ಖಸ್ ಕೇಳುವವರು ಬಾಗಿಲಲ್ಲೇ ನಿಂತಿದ್ದರು. ಅವರು ಹೋಗುವ ತನಕ ಕಾದು ವಿಷಯ ಹೇಳಿದೆ.

"ಅರೆ, ಏನ್ ಮಾತಾಡ್ಲತೀರಿ ಮೇಡಂ? ನೀವೇ ಹಚ್ಚಿದ ಗಿಡ. ನಾಲಾ ಸಾಫ್ ಆಯ್ತಂತ ಶಹರೆಲ್ಲ ತಾರೀಫ್ ಮಾಡ್ಲತದ. ಸಾಫ್ ಮಾಡೋ ಗಿಡ ತಾನೇ ಗಲೀಜ್ ಹ್ಯಾಂಗ ಆಗ್ತದ?"

"ಚಾ ಸೋಸಿದ ಮ್ಯಾಲ ಪುಡಿ ಎಲ್ಲಿ ಉಳಿತದರಿ ಚಾಚಾ? ಅರಿವ್ಯಾಗೇ ಅಲ್ಲ? ನಾಲಾದಾಗಿನ ಸೀಸ ಈ ಬೇರಿನಾಗ ಉಳದದ."

"ನಾ ಚಲೋ ತೊಳದೀನ್ರಿ, ಬಿಸಿಲಿಗೆ ಒಣಗಿಸೀನಿ. ರಿಪೋರ್ಟ್ ತಂದೀರೇನು?"

ರಿಪೋರ್ಟ್ ಇರಲಿಲ್ಲ. ಬೇರಿನ ಒಳಗೆ ಸೇರಿದ ಸೀಸ ತೊಳೆದರೆ ಹೋಗುವುದಿಲ್ಲ ಎಂದು ಬಿಡಿಸಿ ಹೇಳುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಅವರ ಮಗಳು ಶಾಹೀನ ಸ್ಟೀಲ್ ಲೋಟದಲ್ಲಿ ನೀರು ತಂದಳು. ಹುಮನಾಬಾದಿಗೆ ಕೊಟ್ಟ ಹುಡುಗಿ, ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಲೋಟದಿಂದ ಘಮ್ಮೆಂದು ಖಸ್ ವಾಸನೆ.

ಲೋಟ ತೆಗೆದುಕೊಂಡೆ, ಕುಡಿಯದೆ ಮೇಜಿನ ಮೇಲಿಟ್ಟೆ. ಚಾಚಾ ಅದನ್ನೇ ನೋಡುತ್ತಿದ್ದರು. ಅವರ ಮುಖದ ಬಣ್ಣ ಬದಲಾಯಿತು.

"ನಮ್ಮ ಮನಿ ನೀರ ನಿಮಗ ನಡಿಯಂಗಿಲ್ಲೇನ್ರಿ?" ಅಂದರು, ಬಹಳ ಮೆಲ್ಲಗೆ.

ನಮ್ಮದು ಮೆಥಡಿಸ್ಟ್ ಕ್ರೈಸ್ತ ಕುಟುಂಬ. ನನ್ನ ಅಜ್ಜಿ ಹಳ್ಳಿಯಲ್ಲಿ ಬೊಗಸೆ ಒಡ್ಡಿ ನಿಂತರೆ ಮೇಲುಜಾತಿಯವರು ಮೇಲಿನಿಂದ ನೀರು ಸುರಿಯುತ್ತಿದ್ದರಂತೆ, ಪಾತ್ರೆ ಮುಟ್ಟಿಸುತ್ತಿರಲಿಲ್ಲ. ಒಬ್ಬರ ಮನೆಯ ನೀರು ಬೇಡವೆನ್ನುವುದು ಎಂಥ ಪೆಟ್ಟು ಎಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ನಿಮ್ಮ ಮನಿ ನೀರ ಕುಡೀತೀನಿ ಚಾಚಾ, ಬೇರ ಹಾಕಿದ್ದ ಕುಡಿಯಂಗಿಲ್ಲ. ಶಾಹೀನ, ಇದೇ ಲೋಟ ತೊಳದು ನಳದ ನೀರ ತಾರವ್ವ."

ತಂದಳು. ಅವರ ಎದುರೇ ಪೂರ್ತಿ ಕುಡಿದೆ, ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದೆ. ಆಮೇಲೆ ಹೇಳಿದೆ: "ಈಕಿಗೂ ಇವತ್ತಿನಿಂದ ಬರೇ ನೀರ ಕೊಡ್ರಿ. ಸೀಸ ತಾಯಿ ರಕ್ತದಾಗಿಂದ ಕೂಸಿಗೆ ದಾಟತದ. ಕೂಸಿನ ಮಿದುಳಿಗೆ ಅದು ಬಾಳ ಕೆಟ್ಟದು."

ಚಾಚಾ ಮಗಳ ಕಡೆ ತಿರುಗಿ, ಯಾವಾಗಿನಿಂದ ಕುಡಿಯುತ್ತಿದ್ದೀ ಎಂದು ದಖನಿ ಉರ್ದುವಿನಲ್ಲಿ ಕೇಳಿದರು. ನೀವು ಹೊಸ ಬೇರು ತಂದ ದಿನದಿಂದ, ಒಳ್ಳೆಯದನ್ನೆಲ್ಲ ಆರಿಸಿ ನನಗೇ ಕೊಟ್ಟಿರಲ್ಲ ಎಂದಳು. ಚಾಚಾ ಮತ್ತೆ ರಿಪೋರ್ಟ್ ಕೇಳಲಿಲ್ಲ.

ಮರುದಿನ ನಮ್ಮ ಮೇಲಧಿಕಾರಿ, ರಿಪೋರ್ಟ್ ಬರುವ ತನಕ ಸುಮ್ಮನಿರಿ, ಊರಲ್ಲಿ ಗಲಾಟೆ ಬೇಡ ಎಂದರು. ನಾನು ಅವರೊಡನೆ ವಾದ ಮಾಡುತ್ತಿದ್ದಾಗಲೇ ಹೊರಗೆ ರಸ್ತೆಯಲ್ಲಿ ಧ್ವನಿವರ್ಧಕ ಕೇಳಿಸಿತು. ಚಾಚಾ ಆಟೋ ಮಾಡಿಕೊಂಡು ತಾವೇ ಮೈಕು ಹಿಡಿದಿದ್ದರು.

"ನನ್ನ ಅಂಗಡಿ ಖಸ್ ಒಯ್ದವರು ವಾಪಸ್ ತಂದು ಕೊಡ್ರಿ. ನೀರಾಗ ಹಾಕಬ್ಯಾಡ್ರಿ. ಅದರಾಗ ನಾಲಾದ ಸೀಸ ಅದ. ನನ್ನ ಮಗಳೂ ಕುಡದಾಳ."

ಭಾಲ್ಕಿ, ಔರಾದಗಳಿಗೆ ಅವರನ್ನು ಜೀಪಿನಲ್ಲಿ ನಾನೇ ಕರೆದುಕೊಂಡು ಹೋದೆ. ಮೇಲಧಿಕಾರಿ ಮುಖ ತಿರುಗಿಸಿದರು, ತಿರುಗಿಸಲಿ. ಬಹಳ ಜನ ತಂದು ಕೊಟ್ಟರು. ಕೆಲವರು, ಖಸ್ ತಂಪು, ಅದರಿಂದ ಏನೂ ಆಗುವುದಿಲ್ಲ ಎಂದು ನಮ್ಮನ್ನೇ ಗದರಿಸಿದರು. ಡಾಬಕಾದ ಒಬ್ಬ ವ್ಯಾಪಾರಿ ಚಾಚಾನಿಂದ ಕೊಂಡಿದ್ದು ಅಷ್ಟರಲ್ಲಿ ಮಹಾರಾಷ್ಟ್ರಕ್ಕೆ ದಾಟಿ ಹೋಗಿತ್ತು. ಯಾರ ಮನೆ ಸೇರಿತೋ ಇಂದಿಗೂ ಗೊತ್ತಿಲ್ಲ.

ಅದರ ಮೇಲೆ ಮೊಬೈಲಿನ ಹಾವಳಿ. ಬ್ಯಾಟರಿ, ನಾಲೆ, ಜೆಸಿಬಿ ಎಲ್ಲ ಬಿಟ್ಟು "ಖಲೀಲನ ಶರಬತ್ತಿನಲ್ಲಿ ವಿಷ" ಎಂಬ ಒಂದೇ ಸಾಲು ಊರೆಲ್ಲ ಓಡಾಡಿತು. ನಾನು ಸಹಿ ಹಾಕಿ ಪೂರ್ಣ ವಿವರದ ಪ್ರಕಟಣೆ ಹೊರಡಿಸಿದೆ. ಯಾರು ಓದುತ್ತಾರೆ? ಆ ರಂಜಾನಿನಲ್ಲಿ ಚಾಚಾನ ಅಂಗಡಿಗೆ ಅತ್ತರು ಕೇಳಿಕೊಂಡೂ ಒಬ್ಬರು ಬರಲಿಲ್ಲ. ನಿಜ ಹೇಳಿದ ಮನುಷ್ಯನಿಗೆ ಊರು ಕೊಟ್ಟ ಮರ್ಯಾದೆ ಇದು.

ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಭಾಲ್ಕಿಯಿಂದ ತಂದ ಮಡಕೆಯ ನೀರಿನಲ್ಲಿ ಅದರ ಹಲವು ಪಟ್ಟು ಇದೆ ಎಂದು ರಿಪೋರ್ಟ್ ಬಂತು. ಶಾಹೀನಳ ರಕ್ತದಲ್ಲೂ ಹೆಚ್ಚಿತ್ತು. ಡಾಕ್ಟರಮ್ಮ ಕಬ್ಬಿಣ, ಸುಣ್ಣದಂಶದ ಮಾತ್ರೆ ಕೊಟ್ಟು, ಕುಡಿಯುವುದು ನಿಂತಿದೆಯಲ್ಲ, ಈಗ ಕಾದು ನೋಡಬೇಕು ಎಂದರು. ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ಕೈಕಾಲು ಚೆನ್ನಾಗಿ ಆಡಿಸುತ್ತಿತ್ತು. ಹೊಕ್ಕುಳಬಳ್ಳಿಯ ರಕ್ತ ಪರೀಕ್ಷೆ ಮಾಡಿಸಿದರು. ಅದರಲ್ಲೂ ಸೀಸ ಇತ್ತು.

ಈ ನೌಕರಿ ನನಗೆ ಕಲಿಸಿದ್ದು ಇಷ್ಟೇ. ಗಿಡ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಆದರೆ ವಿಷವನ್ನು ಇಲ್ಲವಾಗಿಸುವುದಿಲ್ಲ, ಎತ್ತಿ ಬೇರೆ ಕಡೆ ಇಡುತ್ತದೆ. ಅಲ್ಲಿಂದ ಅದು ಯಾರ ಮನೆಗೆ ಹೋಗಬಹುದು ಎಂದು ಕೊನೆಯ ತನಕ ಬೆನ್ನು ಹತ್ತದೆ ನೀರು ಶುದ್ಧವಾಯಿತು ಎನ್ನಬಾರದು. ಆಮೇಲೆ ನೆಟ್ಟ ಪ್ರತಿ ದಂಡೆಯ ಫಲಕದಲ್ಲೂ ಬೇರಿನ ಬಗ್ಗೆಯೇ ಮೊದಲು ಬರೆಸಿದೆ, ಕನ್ನಡದಲ್ಲಿ, ಉರ್ದುವಿನಲ್ಲಿ, ಮರಾಠಿಯಲ್ಲಿ.

ಕೂಸನ್ನು ನೋಡಲು ಹೋದ ದಿನ ಶಾಹೀನ ಅದನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಚಾಚಾ ಬಾಗಿಲಲ್ಲಿ ನಿಂತಿದ್ದರು. ಆಕೆ ನನ್ನನ್ನು ಬೈಯಲಿಲ್ಲ, ಅಳಲಿಲ್ಲ. ಬರೇ ಕೇಳಿದಳು:

"ಮೇಡಂ, ಆ ಹುಲ್ಲು ನಾಲಾದಾಗಿಂದು ಸೀಸ ಎಳಕೊಂಡಿತಲ್ರಿ. ಈ ಕೂಸಿನ ಮೈಯಾಗಿಂದು ಎಳಕೊಳ್ಳೋದು ಯಾವುದರೆ ಗಿಡ ಅದನೇನ್ರಿ?"

ಇಲ್ಲವ್ವ, ಅಂದೆ.