ಅರ್ಧ ಪಿಯಾಲಾ ದಾಳಿಂಬೆ ಸಿಪ್ಪೆ

ಮರ್ಗಿಲಾನ್ ಸಂತೆಯಲ್ಲಿ ನಾನು ಮೂವತ್ತು ವರ್ಷದಿಂದ ಒಣಬೇರು, ಎಲೆ, ಸಿಪ್ಪೆ ಮಾರುತ್ತಿದ್ದೇನೆ. ವಸಡು ಊದಿದವರು, ಹಲ್ಲುಜ್ಜಿದರೆ ರಕ್ತ ಬರುವವರು ಎಲ್ಲ ನನ್ನ ಹತ್ತಿರವೇ ಬರುವುದು. ದಾಳಿಂಬೆ ಸಿಪ್ಪೆ, ಕಾಡುಪುದೀನ ಕುದಿಸಿ ಹತ್ತು ದಿನ ಬಾಯಿ ಮುಕ್ಕಳಿಸಿ, ಡಾಕ್ಟರು ಯಾಕೆ ಬೇಕು ಎಂದು ಊರಿಗೆಲ್ಲ ಹೇಳಿದವಳು ನಾನು. ನನ್ನ ಗಂಡನ ಬಾಯಿ ಮಾತ್ರ ನನ್ನ ಮಾತು ಕೇಳಲಿಲ್ಲ.

ಅವರು ಶಹನಾಯಿಯಂಥ ಸುರ್ನಾಯ್ ಊದುವವರು. ಈ ಊರಿನ ಯಾವ ಹುಡುಗಿ ಗಂಡನ ಮನೆಗೆ ಹೊರಟರೂ ಬಾಗಿಲಲ್ಲಿ ಮಹ್ಕಮ್ ಅಣ್ಣನ ವಾದ್ಯ ಮೊಳಗಬೇಕು. ನಮ್ಮ ಮಗಳು ಸನೋಬರಳ ಮದುವೆ ಗೊತ್ತಾದ ಹೊತ್ತಿಗೇ ಆ ವಾದ್ಯದ ಪೀಪಿಯ ಮೇಲೆ ರಕ್ತ ಕಂಡೆ. ಕೆಳಸಾಲಿನ ಎರಡು ಮುಂಬಲ್ಲು ಅಲುಗಾಡುತ್ತಿದ್ದವು. ಅವು ಹೋದರೆ ಸ್ವಂತ ಮಗಳಿಗೆ ಊದುವುದು ಹೇಗೆ?

ಅಲುಗಾಡದೆ ಇನ್ನೇನು? ಬೆಳಗಿನಿಂದ ಸಂಜೆವರೆಗೆ ತುಟಿಯೊಳಗೆ ನಾಸ್, ಆ ದರಿದ್ರ ಹಸಿರು ತಂಬಾಕು. ಬಿಡಿ ಎಂದು ಹೇಳಿ ಹೇಳಿ ನನ್ನ ಗಂಟಲೇ ಒಣಗಿತು. ಕೊನೆಗೆ ಕಷಾಯ ಕಾಯಿಸಿ, ಚಹಾ ಕುಡಿಯುವ ಬಟ್ಟಲು ಪಿಯಾಲಾದಲ್ಲೇ ಅಂಚಿನವರೆಗೆ ತುಂಬಿಸಿ ಕೊಟ್ಟೆ. ನಮ್ಮಲ್ಲಿ ಗೌರವದ ನೆಂಟರಿಗೆ ಅರ್ಧ ಪಿಯಾಲಾ ಚಹಾ ಕೊಡುವುದು, ತುಂಬಿಸಿ ಕೊಟ್ಟರೆ ಬೇಗ ಹೊರಡು ಎಂದರ್ಥ. ಅದನ್ನು ನೋಡಿ ಮುಖ ಗಂಟಿಕ್ಕಿದರು.

“ಏನೇ ಇದು, ತುಂಬಿಸಿ ಕೊಡ್ತಿದ್ದೀಯ? ಕುಡಿದು ಎದ್ದು ಹೋಗು ಅಂತಾನಾ? ನಾನೇನು ಬೇಡದ ನೆಂಟನಾ?”

“ಅಯ್ಯೋ ದೇವರೇ, ಇದು ಚಹಾ ಅಲ್ಲ ರೀ, ಔಷಧಿ! ಮುಕ್ಕಳಿಸಿ ಉಗೀರಿ!”

“ಏನಾದ್ರೂ ಆಗಲಿ, ಮರ್ಯಾದೆಯಿಂದ ಅರ್ಧ ಹಾಕು.”

ಅರ್ಧ ಹಾಕಿದೆ. ಗಟಗಟ ಕುಡಿದೇಬಿಟ್ಟರು!

“ಉಗೀರಿ ಅಂದ್ನಲ್ಲ!”

“ಅರ್ಧ ಪಿಯಾಲಾ ಕೊಟ್ಟು ಗೌರವ ಮಾಡಿದವರ ಎದುರು ಯಾರಾದ್ರೂ ಉಗೀತಾರೇನೇ?”

ನಾಸ್ ಉಗಿಯಲು ಇಡೀ ಬೀದಿಯೇ ಇದೆ, ಔಷಧಿ ಉಗಿಯಲು ಮರ್ಯಾದೆ ಅಡ್ಡ ಬರುತ್ತದೆ! ಇಂಥವರ ಜೊತೆ ಏಗಿ ಏಗಿ ನನಗೆ ಸಾಕಾಗಿ ಹೋಗಿದೆ. ಮರುದಿನದಿಂದ ತಗಡಿನ ಲೋಟದಲ್ಲಿ ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತೆ. ಮುಕ್ಕಳಿಸಿದರು, ಉಗಿದರು. ಹೇಗಿದೆ ಎಂದರೆ ಪ್ರತಿದಿನ ಒಂದೇ ಉತ್ತರ: “ವಾಸಿ ಕಣೇ.” ನಾನೂ ನಂಬಿದೆ. ನಮ್ಮೆಜಮಾನರನ್ನೇ ನೋಡಿ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚಿದೆ.

ಮದುವೆಗೆ ಒಂಬತ್ತು ದಿನ ಇದ್ದಾಗ ಅವರ ದವಡೆ ಬನ್ನಿನಂತೆ ಊದಿತು. ತೋಳು ಹಿಡಿದು ಎಳೆದುಕೊಂಡು ಹೋದೆ. ಹಲ್ಲಿನ ಡಾಕ್ಟರಮ್ಮ ಜುಮ್ರಾದ್ ನೋಡಿ ತಲೆ ಕೊಡವಿದಳು.

“ಬೇರಿನ ಹತ್ರ ಕಲ್ಲು ಕಟ್ಟಿದೆ. ಮುಕ್ಕಳಿಸಿದ್ರೆ ಉರಿ ಕಮ್ಮಿಯಾಗುತ್ತೆ ಅಷ್ಟೇ, ಕಲ್ಲು ಹೋಗಲ್ಲ. ಮೂರು ತಿಂಗಳ ಹಿಂದೆ ಬಂದಿದ್ರೆ ಕೆರೆದು ಹಲ್ಲು ಉಳಿಸ್ತಿದ್ದೆ. ಈಗ ಕೀಳಲೇಬೇಕು. ಯಾಕೆ ಬರ್ಲಿಲ್ಲ ಅಣ್ಣ? ನೋವಿರ್ಲಿಲ್ವಾ?”

“ಇತ್ತಮ್ಮ. ಆದ್ರೆ ನನ್ನ ಹೆಂಡ್ತಿ ಸಂತೇಲಿ ವಸಡಿನ ಔಷಧಿ ಮಾರ್ತಾಳೆ. ನಾನೇ ನಿಮ್ಮ ಬಾಗಿಲಲ್ಲಿ ಕೂತ್ರೆ ಅವಳ ಹತ್ರ ಯಾರು ಬರ್ತಾರೆ?”

ಮೂರು ತಿಂಗಳು ಬಿಡದೆ ಬೈದವಳಿಗೆ ಆಗಲೂ ಸಿಟ್ಟೇ ಬಂತು. ಅವರ ಮೇಲೆ ಬಂದದ್ದಕ್ಕಿಂತ ಹೆಚ್ಚು ನನ್ನ ಮೇಲೇ ಬಂತು.

ಎರಡೂ ಹಲ್ಲು ಕೀಳಿಸಿದ್ದಾಯಿತು. ಮದುವೆಯ ದಿನ ರಿಶ್ತಾನ್‌ನಿಂದ ಬೇರೆ ಸುರ್ನಾಯ್ ಊದುವವನನ್ನು ಕರೆಸಿದೆವು. ಸನೋಬರ್ ಹೊಸ್ತಿಲು ದಾಟುವಾಗ ಅವನು ಊದಿದ. ಇವರು ಬರಿಗೈಯಲ್ಲಿ ಪಕ್ಕದಲ್ಲಿ ನಿಂತಿದ್ದರು. ನೆರೆಮನೆಯ ತೊಜಿಖಾನಳ ಬಾಯಿ ಸುಮ್ಮನಿರಬೇಕಲ್ಲ!

“ಮನೇಲೇ ವೈದ್ಯೆ ಇದ್ದೂ ಹಲ್ಲು ಹೋಯ್ತಾ ಮಹ್ಕಮ್ ಅಣ್ಣ?”

“ಅವಳ ಔಷಧಿ ಬಂಗಾರದಂಥದ್ದು. ನಾನೇ ಸರಿಯಾಗಿ ಮುಕ್ಕಳಿಸ್ಲಿಲ್ಲ,” ಎಂದರು ಇವರು.

ನೆರೆದವರೆಲ್ಲ ನಕ್ಕರು. ನನಗೆ ತಡೆಯಲಾಗಲಿಲ್ಲ. “ಸುಳ್ಳು! ದಿನಾ ಮುಕ್ಕಳಿಸಿದ್ರು. ಡಾಕ್ಟರ ಹತ್ರ ಕಳಿಸದೇ ಇದ್ದೋಳು ನಾನು,” ಎಂದು ಎಲ್ಲರೆದುರು ಕೂಗಿದೆ.

ಇವರು ನನ್ನ ತೋಳು ಜಿಗುಟಿ ಪಿಸುಗುಟ್ಟಿದರು:

“ಸುಮ್ನಿರೇ, ನಾಳೆ ಸಂತೆ ಇದೆ.”