ಮುಡಿಯ ಕೆಳಗೊಂದು ಕೆಂಡ

ಬೆಳಗಿನ ಐದೂವರೆ. ಪುಂಜಾಲಕಟ್ಟೆಯಿಂದ ಒಳರಸ್ತೆಯಲ್ಲಿ ಎರಡು ಕಿಲೋಮೀಟರ್ ದೂರದ ಹಳೇ ಶಾಲೆಯೊಳಗೆ ನೀಲಾವತಿ ಬೆಂಕಿಕಡ್ಡಿ ಗೀರುತ್ತಿದ್ದಾರೆ. ಗೀರುವ ಮೊದಲು ಮೂರು ಬಾಲ್ದಿ ನೀರು ತುಂಬಿಸಿ ಸುತ್ತ ಇಟ್ಟಾಗಿದೆ. ಓಡಲು ಸುಲಭವಾಗಲಿ ಎಂದು, ಅವರ ಕೆಲಸ ನೋಡಲು ಬಂದ ನನ್ನನ್ನು ಬಾಗಿಲ ಪಕ್ಕದಲ್ಲೇ ನಿಲ್ಲಿಸಿದ್ದಾರೆ. ಚಪ್ಪಲಿಯನ್ನು ಹೊರಗೆ ಬಿಡಲು ಹೇಳಿದವರು, ಅದರ ಮುಖ ರಸ್ತೆಯ ಕಡೆಗಿರಲಿ ಎಂದೂ ಸೇರಿಸಿದ್ದಾರೆ.

ಹಳೆಯ ಕಬ್ಬಿಣದ ಬಾಣಲೆಯಲ್ಲಿ ತೆಂಗಿನ ಸಿಪ್ಪೆ ಹೊತ್ತಿಕೊಳ್ಳುತ್ತದೆ. ಜ್ವಾಲೆ ಎದ್ದ ಕೂಡಲೇ ಅವರು ಮೇಲಿಂದ ಹಸಿ ಸಿಪ್ಪೆ ಒತ್ತಿ ಅದನ್ನು ಹೊಗೆ ಮಾಡುತ್ತಾರೆ. ಹೊಗೆ ನೇರ ಮೇಲಕ್ಕೆ, ಹೆಂಚಿನ ಮಾಡಿನ ತೊಲೆಗೆ ಕಟ್ಟಿದ ಬೈಹುಲ್ಲಿನ ದೊಡ್ಡ ಉಂಡೆಯ ಕಡೆಗೆ ಹೋಗುತ್ತದೆ. ಅದು ಭತ್ತದ ಮುಡಿ. ಹುಲ್ಲನ್ನು ಹೊಸೆದು, ಒಳಗೆ ಭತ್ತ ಸುರಿದು, ಬಿಗಿದು, ಕೊಡತಿಯಿಂದ ಬಡಿದು ಉರುಟು ಮಾಡಿದ್ದು. ಹಿಂದೆಲ್ಲ ಬಿತ್ತನೆಯ ಭತ್ತವನ್ನು ಹೀಗೆ ಅಡುಗೆಮನೆಯ ಅಟ್ಟದಲ್ಲಿ ಇಡುತ್ತಿದ್ದರು. ಒಲೆಯ ಹೊಗೆ ತಾಗಿದ ಮುಡಿಗೆ ಹುಳ ಬರುವುದಿಲ್ಲ. ಈಗ ಅಡುಗೆಮನೆಗಳಲ್ಲಿ ಗ್ಯಾಸ್. ಮುಡಿ ಬಂದು ಕುಳಿತಿರುವುದು ಈ ಹಳೇ ಶಾಲೆಯ ಮ್ಯೂಸಿಯಂನಲ್ಲಿ, ಅಲ್ಲಿ ಒಲೆ ಎಂಬುದೇ ಇಲ್ಲ. ಆದ್ದರಿಂದ ನೀಲಾವತಿ ದಿನಾ ಒಂದು ಗಂಟೆ ಒಲೆಯಾಗುತ್ತಾರೆ.

ಸುತ್ತ ಏನೇನಿದೆ ನೋಡಿ. ನೊಗ, ನೇಗಿಲು, ಭತ್ತ ಅಳೆಯುವ ಕಳಸೆ, ಮರದ ಪಾತ್ರೆ ಮರಾಯಿ, ಓಲೆಯ ಕೊಡೆ, ತೊಟ್ಟಿಲು. ಸುತ್ತಲಿನ ತೊಂಬತ್ತು ಮನೆಗಳಿಂದ ಬಂದ ನಾನೂರ ಹನ್ನೆರಡು ಸಾಮಾನು, ಹೆಚ್ಚಿನವು ಒಣಗಿದ ಮರ. ಇಂಥ ಕಡೆ ಬೆಂಕಿ ಹಾಕಲು ಹೆದರಿಕೆ ಆಗುವುದಿಲ್ಲವೇ ಎಂದು ಅವರನ್ನು ಕೇಳಿದೆ.

“ನಿಮಗೆ ಸತ್ಯ ಹೇಳ್ತೇನೆ ಮಾರಾಯ್ರೆ, ನನಗೆ ಬೆಂಕಿ ಅಂದ್ರೆ ಭಯಂಕರ ಹೆದರಿಕೆ. ಮನೆಯಲ್ಲಿ ಗ್ಯಾಸ್ ಹೊತ್ತಿಸುವುದು ಸಹ ಸೊಸೆ. ಇಲ್ಲಿ ಬಂದು ದಿನಾ ಇದೇ ಕೆಲಸ.”

ಒಂದು ಗಂಟೆ ಅವರು ಬಾಣಲೆಯ ಪಕ್ಕದಿಂದ ಕದಲುವುದಿಲ್ಲ. ಫೋನ್ ಬಂದರೆ ಎತ್ತುವುದಿಲ್ಲ. ಕೊನೆಗೆ ಕೆಂಡದ ಮೇಲೆ ನೀರು ಸುರಿದು, ಬೂದಿಗೆ ಕೈ ಹಾಕಿ ಕದಡಿ, ತಣ್ಣಗಾದದ್ದು ಖಾತ್ರಿಯಾದ ಮೇಲೆ ಏಳುತ್ತಾರೆ. ಬಾಗಿಲು ಹಾಕಿ ಮನೆಗೆ ಹೊರಟವರು ಅರ್ಧ ದಾರಿಯಿಂದ ವಾಪಸು ಬಂದು ಮತ್ತೊಮ್ಮೆ ಕೈ ಹಾಕಿ ನೋಡಿದ ದಿನಗಳು ಲೆಕ್ಕವಿಲ್ಲದಷ್ಟು. ಕಳೆದ ವರ್ಷ ಹೆಂಚಿನ ಸಂದಿಯಿಂದ ಹೊಗೆ ಬರುವುದನ್ನು ಕಂಡ ಯಾರೋ ಫೋನ್ ಮಾಡಿ ಬೆಂಕಿ ನಂದಿಸುವ ಗಾಡಿಯೇ ಬಂದಿತ್ತು. ಪೈಪು ಹಿಡಿದು ಬಂದವರಿಗೆ ನೀಲಾವತಿ ಬಾಗಿಲಿಗೆ ಅಡ್ಡ ನಿಂತು, ನೀರು ಬಿದ್ದರೆ ಬೀಜ ಹಾಳಾಗುತ್ತದೆ ಎಂದು ಕೈ ಮುಗಿದಿದ್ದರಂತೆ.

ನೀಲಾವತಿಗೆ ಐವತ್ತೆಂಟು. ಇಪ್ಪತ್ತಾರು ವರ್ಷ ಬೀಡಿ ಕಟ್ಟಿದವರು, ದಿನಕ್ಕೆ ಎಂಟುನೂರು. ಬೀಡಿಯ ಕೆಲಸ ಕಡಿಮೆಯಾದಾಗ ಇಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಮಕ್ಕಳಿಲ್ಲದೆ ಶಾಲೆ ಮುಚ್ಚಿದ ಮೇಲೆ ಊರಿನ ಯುವಕ ಮಂಡಲದವರು ಅದೇ ಕಟ್ಟಡದಲ್ಲಿ ಈ ವಸ್ತು ಸಂಗ್ರಹ ಮಾಡಿದ್ದು. ಮೊದಲ ಎರಡು ಮೂರು ವರ್ಷ ಜನ ಬಂದರು, ಆಮೇಲೆ ಕಡಿಮೆಯಾದರು. ಒಮ್ಮೆ ನೋಡಿದ ನೊಗವನ್ನು ಇನ್ನೊಮ್ಮೆ ನೋಡಲು ಯಾರು ಬರುತ್ತಾರೆ? ಕೊರೊನಾ ಬಂದು ಬಾಗಿಲು ಹಾಕಿದ್ದು ತೆಗೆದ ಮೇಲೆ, ಇಡೀ ವರ್ಷ ಸಂದರ್ಶಕರ ಪುಸ್ತಕದಲ್ಲಿ ಹನ್ನೊಂದು ಸಹಿ ಮಾತ್ರ ಇತ್ತು. ಅದರಲ್ಲಿ ಎರಡು ಕರೆಂಟ್ ಬಿಲ್ ಕೊಡಲು ಬಂದವರದು.

ಇಲ್ಲಿ ನಡೆದ ತಪ್ಪನ್ನು ನೀಲಾವತಿ ಮುಚ್ಚಿಡುವುದಿಲ್ಲ. ಜನರನ್ನು ಸೆಳೆಯಲು, ಸಂಗ್ರಹ ನೋಡಿಕೊಳ್ಳುವ ಸಮಿತಿಯವರು ಎಲ್ಲದಕ್ಕೂ ಹೊಸ ಕಳೆ ಕೊಡಲು ನಿರ್ಧರಿಸಿದರು. ಲೈಟು ಬಂತು, ಸೆಲ್ಫಿ ತೆಗೆಯಲು ಚೌಕಟ್ಟು ಬಂತು, ಮರದ ಸಾಮಾನಿಗೆಲ್ಲ ವಾರ್ನಿಷ್ ಬಂತು. ಡಬ್ಬದಲ್ಲಿ ಸ್ವಲ್ಪ ಉಳಿದಿತ್ತು. ಹಾಳು ಮಾಡುವುದು ಯಾಕೆಂದು ನೀಲಾವತಿ ಅದನ್ನು ಮುಡಿಗೂ ಬಳಿದರು. ಮುಡಿ ಫಳಫಳ ಹೊಳೆಯಿತು. ಎಲ್ಲರೂ ಅದರ ಎದುರೇ ನಿಂತು ಫೋಟೋ ತೆಗೆಸಿಕೊಂಡರು.

ಮೂರು ತಿಂಗಳ ನಂತರ ಅಣ್ಣು ಬಂದರು. ಗುಡ್ಡದ ಆಚೆಯ ಹಳ್ಳಿಯ ಎಂಬತ್ತೊಂದರ ಅಜ್ಜ. ಆ ಮುಡಿಯನ್ನು ಕಟ್ಟಿ ಕೊಟ್ಟವರೇ ಅವರು. ಒಳಗಿದ್ದದ್ದು ಅವರ ಮನೆಯ ಕಯಮೆ ತಳಿಯ ಭತ್ತ, ಅವರ ಅಜ್ಜನ ಕಾಲದಿಂದ ಬಿತ್ತಿದ್ದು. ಗದ್ದೆಯ ಹೆಚ್ಚಿನ ಭಾಗಕ್ಕೆ ರಬ್ಬರ್ ಗಿಡ ಬಂದಾಗ ಬೀಜವಾದರೂ ಇರಲಿ ಎಂದು ಇಲ್ಲಿ ತಂದಿಟ್ಟು, ಉಳಿದ ತುಂಡಿನಲ್ಲಿ ಬೆಳೆದು ವರ್ಷ ವರ್ಷ ಬಂದು ಹೊಸತು ಕಟ್ಟಿ ಹೋಗುತ್ತಿದ್ದರು. ಹೊಳೆಯುವ ಮುಡಿಯನ್ನು ಮೂಸಿ ನೋಡಿ ಬಿಚ್ಚಿದರು. ಒಳಗೆ ಭತ್ತ ಬೆವೆತು ಕಪ್ಪಾಗಿತ್ತು. ಉಸಿರು ಕಟ್ಟಿ ಸತ್ತಿದೆ ಎಂದರಂತೆ ತುಳುವಿನಲ್ಲಿ. ನೀಲಾವತಿ ಅಂದು ಅಜ್ಜನ ಕಾಲು ಹಿಡಿದು ಅತ್ತಿದ್ದಾರೆ.

ಅಣ್ಣು ಬೈಯಲಿಲ್ಲ. ಮನೆಯ ಅಟ್ಟದಲ್ಲಿ ಎರಡು ಸೇರು ಉಂಟು, ನೀನೇ ಬಿತ್ತು, ನೀನೇ ಕಟ್ಟು ಎಂದರು. ಬಿತ್ತಲು ಗದ್ದೆ ಇಲ್ಲವಲ್ಲ ಎಂದಾಗ ಶಾಲೆಯ ಆಟದ ಮೈದಾನವನ್ನು ತೋರಿಸಿದರು. ಅದರ ತಗ್ಗಿನ ಬದಿ, ಮಳೆಗಾಲದಲ್ಲಿ ಮಕ್ಕಳು ಜಾರಿ ಬೀಳುತ್ತಿದ್ದ ಹನ್ನೆರಡು ಸೆಂಟ್ಸ್, ಹೀಗೆ ಗದ್ದೆಯಾಯಿತು. ಬೀಡಿ ಕಟ್ಟಿದ ಬೆರಳಿಗೆ ಮುಡಿ ಕಟ್ಟುವುದು ಸುಲಭ ಎಂದು ಅಜ್ಜ ಧೈರ್ಯ ತುಂಬಿದ್ದರು. ಅದು ಶುದ್ಧ ಸುಳ್ಳೆಂದು ಮೊದಲ ಮುಡಿ ಕೈಯಲ್ಲೇ ಒಡೆದು ಅಂಗಳವಿಡೀ ಭತ್ತವಾದಾಗ ಗೊತ್ತಾಯಿತು. ಐದನೆಯದು ನಿಂತಿತು.

ಅಲ್ಲಿಂದ ಜನರೂ ತಿರುಗಿ ಬಂದರು. ಈಗ ಇಲ್ಲಿ ತಿಂಗಳಿಗೊಂದು ಕೆಲಸ: ಜೂನ್‌ನಲ್ಲಿ ಬಿತ್ತನೆ, ಜುಲೈಯಲ್ಲಿ ನೇಜಿ ಎಂಬ ಭತ್ತದ ಸಸಿ ನೆಡುವುದು, ಅಕ್ಟೋಬರಿನಲ್ಲಿ ಕತ್ತಿಯಿಂದ ಕೊಯ್ಲು. ಯಂತ್ರ ಕೊಯ್ದ ಹುಲ್ಲು ತುಂಡಾಗುತ್ತದೆ, ಮುಡಿಗೆ ಉದ್ದ ಹುಲ್ಲೇ ಬೇಕು. ಗೋಡೆಗೆ ಒರಗಿದ್ದ ನೊಗ, ಕಳಸೆಗಳೂ ಈ ನೆಪದಲ್ಲಿ ಅಂಗಳಕ್ಕೆ ಇಳಿಯುತ್ತವೆ. ಮೂಡುಬಿದಿರೆಯ ಶಾಲೆಯೊಂದರ ಶಿಕ್ಷಕಿ ಶಹರ್ಬಾನು ವರ್ಷವೂ ಎರಡು ಬಸ್ ಮಕ್ಕಳನ್ನು ಕೆಸರಿಗೆ ಇಳಿಸುತ್ತಾರೆ. ಬೆಳ್ತಂಗಡಿ ಕಡೆಯ ಕಾಲೇಜುಗಳೂ ಬರುತ್ತವೆ. ಕಳೆದ ವರ್ಷ ಬಂದವರು ಸಾವಿರದ ನೂರ ಅರವತ್ತಮೂರು.

ಇಷ್ಟಾದ ಮೇಲೆ ಬೀಜದ ಬಗ್ಗೆ ಹೆದರಿಕೆ ಯಾಕೆ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಕಳೆದ ಅಕ್ಟೋಬರಿನಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲದಲ್ಲಿ ಮಳೆ ಹೊಡೆಯಿತು. ಪೈರು ನೆಲಕ್ಕೆ ಮಲಗಿತು. ಎರಡು ಮುಡಿ ಆಗುವಲ್ಲಿ ಆದದ್ದು ಒಂದು, ಅದೂ ಒದ್ದೆ. ಒಂಬತ್ತು ದಿನ ತರಗತಿಯೊಳಗೆ ಫ್ಯಾನ್ ಹಾಕಿ ಒಣಗಿಸಿ ಕಟ್ಟಿದ್ದಾರೆ. ಒಳಗೆ ಬೀಜ ಬದುಕಿದೆಯೋ ಇಲ್ಲವೋ ಹೊರಗಿನಿಂದ ಯಾರಿಗೂ ತಿಳಿಯದು. ಅಣ್ಣು ಅಜ್ಜನ ಅಟ್ಟವೂ ಖಾಲಿ. ಈ ಒಂದು ಮುಡಿ ಹೋದರೆ ಆ ಬೀಜ ಇನ್ನೆಲ್ಲೂ ಇಲ್ಲ.

ಸಮಿತಿಯ ಅಧ್ಯಕ್ಷರು ದಯಾನಂದ, ಇದೇ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಕೆಟ್ಟವರಲ್ಲ, ಅವರ ಹೆದರಿಕೆಯೇ ಬೇರೆ. “ಅವರಿಗೆ ಬೀಜದ್ದು ಚಿಂತೆ, ನನಗೆ ಮಾಡಿನದ್ದು. ಮಕ್ಕಳು ಬರುವ ಜಾಗದಲ್ಲಿ ಒಂದು ಕಿಡಿ ಹಾರಿದ್ರೆ ಯಾರು ಉತ್ತರ ಕೊಡುವುದು?” ಎನ್ನುತ್ತಾರೆ. ಸಮಿತಿಯಲ್ಲಿ ತೀರ್ಮಾನವಾಗಿದೆ. ಬಿತ್ತನೆಗೆ ಮೊದಲು ನೂರು ಭತ್ತ ಮೊಳಕೆಗೆ ಕಟ್ಟಬೇಕು. ಅರ್ಧಕ್ಕಿಂತ ಕಡಿಮೆ ಮೊಳೆತರೆ ಬೆಂಕಿ ನಿಲ್ಲಬೇಕು. ಮುಡಿಗೆ ಉಮಿ ತುಂಬಿಸಿ ಗಾಜಿನೊಳಗೆ ಇಡುವುದು, ಗದ್ದೆಯನ್ನು ಪಕ್ಕದ ಸಮುದಾಯ ಭವನಕ್ಕೆ ಬರುವ ವಾಹನಗಳನ್ನು ನಿಲ್ಲಿಸಲು ಬಿಡುವುದು.

ತುಳುವರು ಮಳೆಗಾಲದ ಬಾಗಿಲೆನ್ನುವ ಪತ್ತನಾಜೆಯ ದಿನ ಕಳೆದು ನಾಲ್ಕು ದಿನವಾಗಿದೆ. ಹಸಿ ಬಟ್ಟೆಯಲ್ಲಿ ಕಟ್ಟಿದ ನೂರು ಭತ್ತಕ್ಕೆ ಇಂದು ಮೂರನೇ ಬೆಳಗು. ಗಂಟು ಬಾಗಿಲ ಬಳಿ ಮಣ್ಣಿನ ಚಟ್ಟಿಯಲ್ಲಿದೆ. ನೀಲಾವತಿ ಹೊಗೆಯ ಕಡೆ ನೋಡುತ್ತಾರೆ, ಬಾಲ್ದಿಯ ಕಡೆ ನೋಡುತ್ತಾರೆ, ಚಟ್ಟಿಯ ಕಡೆ ಮಾತ್ರ ತಿರುಗುವುದಿಲ್ಲ. ವಾರ್ನಿಷ್ ಹಚ್ಚಿದ ವರ್ಷವೂ ಅವರೇ ಹೀಗೆ ನೂರು ಕಟ್ಟಿ ನೋಡಿದ್ದರು. ಒಂದೂ ಮೊಳೆತಿರಲಿಲ್ಲ.

ಆರೂವರೆಗೆ, ಹೊಗೆಯ ಗಂಟೆ ಮುಗಿಯುವಾಗ, ದಯಾನಂದ ಮಾಸ್ಟ್ರ ಸ್ಕೂಟರ್ ಬರುತ್ತದೆ, ಹಿಂದೆ ಅಣ್ಣು ಅಜ್ಜ. ಅಜ್ಜನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಗಂಟನ್ನು ನೀವೇ ಬಿಚ್ಚಿ ಎಂದು ನೀಲಾವತಿ ಅವರ ಮಡಿಲಿಗೆ ಇಟ್ಟು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಅಜ್ಜ ಒಂದೊಂದೇ ಭತ್ತವನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ ಮೊಳೆತದ್ದನ್ನು ಎಡಕ್ಕೆ, ಮೊಳೆಯದ್ದನ್ನು ಬಲಕ್ಕೆ ಹಾಕುತ್ತಾರೆ. ಮಾಸ್ಟ್ರು ಮೆಲ್ಲಗೆ ಲೆಕ್ಕ ಹಿಡಿಯುತ್ತಾರೆ. ಮೊದಲ ಇಪ್ಪತ್ತರಲ್ಲಿ ಮೊಳೆತದ್ದು ಎಂಟು. ನಲವತ್ತರಲ್ಲಿ ಹತ್ತೊಂಬತ್ತು. ಆಮೇಲೆ ಎಡಗಡೆಯ ರಾಶಿ ಸ್ವಲ್ಪ ಸ್ವಲ್ಪವೇ ಏರುತ್ತದೆ. ಕೊನೆಗೆ ಮಾಸ್ಟ್ರು ಅರವತ್ತೊಂದು ಎನ್ನುತ್ತಾರೆ, ನಂಬಿಕೆಯಾಗದೆ ತಾವೇ ಇನ್ನೊಮ್ಮೆ ಎಣಿಸುತ್ತಾರೆ. ಅರವತ್ತೊಂದೇ.

ನೀಲಾವತಿ ತಿರುಗುವುದಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನೇರ ಬಾಣಲೆಯ ಹತ್ತಿರ ಹೋಗಿ ನೀರು ಸುರಿದು ಬೂದಿಗೆ ಕೈ ಹಾಕುತ್ತಾರೆ. ಮಾಸ್ಟ್ರು ಅವರ ಪಕ್ಕ ಕುಳಿತು ತಮ್ಮ ಕೈಯನ್ನೂ ಹಾಕಿ ನೋಡುತ್ತಾರೆ. ಹೊಗೆ ಹಾಕುವ ಹೊತ್ತಿಗೆ ನಾಳೆಯಿಂದ ತಾನೂ ಬರುತ್ತೇನೆ, ಒಬ್ಬರೇ ಬೇಡ ಎನ್ನುತ್ತಾರೆ.

ಈಗಲಾದರೂ ಹೆದರಿಕೆ ಹೋಯಿತೇ ಎಂದು ಕೇಳುತ್ತೇನೆ. ಇಲ್ಲ ಎಂದು ತಲೆಯಾಡಿಸುತ್ತಾರೆ. ಬೀಜವನ್ನು ಈ ಹಿಂದೆ ಎಷ್ಟೋ ಜನರಿಗೆ ಹಂಚಿದ್ದರಂತೆ, ಎಲ್ಲೂ ಉಳಿಯಲಿಲ್ಲ. ಲಾಯಿಲ ಊರಿನವರೊಬ್ಬರ ಗದ್ದೆಯನ್ನು ನವಿಲು ಮುಗಿಸಿತು. ಇನ್ನೊಬ್ಬರು ಬಹಳ ರುಚಿ ಉಂಟು ಎಂದು ಗಂಜಿ ಮಾಡಿ ಉಂಡು, ಇನ್ನೂ ಸ್ವಲ್ಪ ಸಿಗಬಹುದಾ ಎಂದು ಫೋನ್ ಮಾಡಿದರು. ಹೇಳುತ್ತ ಅವರು ಬೆಳಗಿನಿಂದ ಮೊದಲ ಬಾರಿಗೆ ನಗುತ್ತಾರೆ.

“ಇದು ಮ್ಯೂಸಿಯಂನಲ್ಲಿ ಮಾತ್ರ ಇರುವ ಸಾಮಾನು ಆಗ್ಬಾರದು. ಬೇರೆ ಒಂದು ಮನೆಯಲ್ಲಿ, ಒಂದೇ ಒಂದು ಮನೆಯಲ್ಲಿ ಇದ್ರೆ ಸಾಕು. ಆವಾಗ ನಾನು ಬೆಂಕಿಗೆ ನೀರು ಹಾಕಿ ತಿರುಗಿ ನೋಡದೆ ಮನೆಗೆ ಹೋಗ್ತೇನೆ.”

ಹೊರಡುವಾಗ ಅವರು ಮೊಳೆತವುಗಳಲ್ಲಿ ಹನ್ನೊಂದನ್ನು ಎಣಿಸಿ, ಹಸಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಡುತ್ತಾರೆ. ಮೆಲ್ಕಾರಿನ ನನ್ನ ಮನೆ ಎರಡನೇ ಮಹಡಿಯಲ್ಲಿದೆ, ಗದ್ದೆ ಎಲ್ಲಿಂದ ಬರಬೇಕು ಎನ್ನುತ್ತೇನೆ. ಬಕೆಟಿನಲ್ಲಿ ಸಹ ಆಗ್ತದೆ, ಒಣಗ್ಲಿಕ್ಕೆ ಮಾತ್ರ ಬಿಡ್ಬೇಡಿ ಎನ್ನುತ್ತಾರೆ.

ಬಸ್ಸಿನಲ್ಲಿ ಕಿಟಕಿಯ ಬಿಸಿಲು ತಾಗದ ಸೀಟು ಹುಡುಕಿ ಕುಳಿತಿದ್ದೇನೆ. ವಗ್ಗ ದಾಟಿ ಇನ್ನೂ ಮಣಿಹಳ್ಳ ಬಂದಿಲ್ಲ, ಮನೆ ಇನ್ನೂ ದೂರ. ಅಷ್ಟರಲ್ಲಿ ನಾಲ್ಕು ಸಲ ಬಟ್ಟೆ ಮುಟ್ಟಿ ನೋಡಿದ್ದೇನೆ.